ಆದಾಯ ತೆರಿಗೆ ರಿಟರ್ನ್ ತುಂಬುವಾಗ ಕೆಂಪು ಅಕ್ಷರ ಬಂದರೆ ಎಲ್ಲಿ ನೋಡಬೇಕು?

‘ಎಲ್ಲವನ್ನೂ ತುಂಬಿದ್ದೇನೆ, ಕೊನೆಗೆ ಕೆಂಪು ಅಕ್ಷರದಲ್ಲಿ ಏನೋ ಬರುತ್ತಿದೆ, ಮುಂದೆ ಹೋಗುತ್ತಿಲ್ಲ.’ ಜೂನ್ ಮುಗಿಯುತ್ತಿದ್ದಂತೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರಿಂದ ಬರುವ ಪ್ರಶ್ನೆಗಳ ಸಾರ ಇಷ್ಟೇ. ಕೇಳುವವರಲ್ಲಿ ಶಾಲಾ ಶಿಕ್ಷಕರು, ರೈಲ್ವೆ ನೌಕರರು, ಸಾರಿಗೆ ಸಂಸ್ಥೆಯಿಂದ ನಿವೃತ್ತರಾದವರು, ನೌಕರಿಯ ಜೊತೆಗೆ ಊರಿನಲ್ಲಿ ನಾಲ್ಕೆಕರೆ ಹೊಲ ಇರುವವರು ಹೆಚ್ಚು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕೆಂಪು ಅಕ್ಷರ ಹೋಗಲಿ ಎಂದು ಅಂಕಿಯನ್ನು ಬದಲಾಯಿಸಬೇಡಿ. ತಂತ್ರಾಂಶ ತಕರಾರು ತೆಗೆದಾಗ ಹತ್ತರಲ್ಲಿ ಎಂಟು ಸಲ ದೋಷ ಇರುವುದು ಕಾಗದದಲ್ಲಿ ಅಥವಾ ನಾವು ಆರಿಸಿಕೊಂಡ ಫಾರ್ಮಿನಲ್ಲಿ. ಅದನ್ನು ಹುಡುಕದೆ ಆದಾಯದ ಒಂದು ಸಾಲನ್ನು ಅಳಿಸಿದರೆ ಫೈಲ್ ಸಲೀಸಾಗಿ ಹೋಗುತ್ತದೆ, ಆರು ತಿಂಗಳ ನಂತರ ನೋಟಿಸು ಸಲೀಸಾಗಿ ಬರುತ್ತದೆ.

1. ಕಂಪ್ಯೂಟರ್ ತೆರೆಯುವ ಮುನ್ನ ಕಾಗದ ಜೋಡಿಸಿ

ಬೇಕಾಗುವುದು ನಾಲ್ಕು. ಕಚೇರಿಯವರು ಕೊಡುವ ಫಾರ್ಮ್ 16, ಅಂದರೆ ಸಂಬಳ ಮತ್ತು ಅದರಲ್ಲಿ ಮುರಿದುಕೊಂಡ ತೆರಿಗೆಯ ಪ್ರಮಾಣಪತ್ರ. 26ಎಎಸ್, ಅಂದರೆ ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಜಮೆಯಾದ ತೆರಿಗೆಯ ಪಟ್ಟಿ. ಎಐಎಸ್, ಅಂದರೆ ಬಡ್ಡಿ, ಲಾಭಾಂಶ, ಷೇರು ಮಾರಾಟ, ಆಸ್ತಿ ವ್ಯವಹಾರ ಹೀಗೆ ಇಲಾಖೆಗೆ ನಿಮ್ಮ ಬಗ್ಗೆ ತಲುಪಿರುವ ಮಾಹಿತಿಯ ಪಟ್ಟಿ. ನಾಲ್ಕನೆಯದು ಎಲ್ಲ ಬ್ಯಾಂಕ್ ಖಾತೆಗಳ ಮಾರ್ಚ್ 31ರವರೆಗಿನ ವಿವರ.

ಎಐಎಸ್ ಪಿಡಿಎಫ್ ತೆರೆಯುತ್ತಿಲ್ಲ ಎಂದು ಬಹಳ ಮಂದಿ ಬರೆಯುತ್ತಾರೆ. ಅದರ ಪಾಸ್‌ವರ್ಡ್ ನಿಮ್ಮ ಪ್ಯಾನ್ ಮತ್ತು ಹುಟ್ಟಿದ ದಿನಾಂಕ. ಪ್ಯಾನ್ ಅಕ್ಷರಗಳು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರಬೇಕು, ದಿನಾಂಕ ಎಂಟು ಅಂಕಿಗಳಲ್ಲಿರಬೇಕು, ನಡುವೆ ಜಾಗ ಬಿಡಬಾರದು.

ಎಐಎಸ್‌ನಲ್ಲಿರುವ ಬಡ್ಡಿಯ ಮೊತ್ತ ಪಾಸ್‌ಬುಕ್ಕಿಗೆ ಹೊಂದದಿದ್ದರೆ ಅಲ್ಲಿಯೇ ಆಕ್ಷೇಪ ದಾಖಲಿಸುವ ಅವಕಾಶವಿದೆ. ಒಂದೇ ಠೇವಣಿ ಎರಡು ಬಾರಿ ಕಾಣಿಸುವುದು, ಜಂಟಿ ಖಾತೆಯ ಬಡ್ಡಿ ಪೂರ್ತಿ ಒಬ್ಬರ ತಲೆಗೇ ಬಂದಿರುವುದು ಅಪರೂಪವಲ್ಲ. ಆಕ್ಷೇಪ ದಾಖಲಿಸಿ, ರಿಟರ್ನ್‌ನಲ್ಲಿ ನಿಜವಾದ ಮೊತ್ತವನ್ನೇ ತುಂಬಿ.

2. ಯುಟಿಲಿಟಿಯೇ ತೆರೆಯದಿದ್ದರೆ

ಯುಟಿಲಿಟಿ ಎಂದರೆ ಇಲಾಖೆ ಉಚಿತವಾಗಿ ಕೊಡುವ ರಿಟರ್ನ್ ತಂತ್ರಾಂಶ. ಇದು ಎರಡು ರೂಪದಲ್ಲಿ ಸಿಗುತ್ತದೆ: ಎಕ್ಸೆಲ್ ಹಾಳೆಯಾಗಿ ಮತ್ತು ಕಂಪ್ಯೂಟರಿನಲ್ಲಿ ಅಳವಡಿಸಿಕೊಳ್ಳುವ ಪ್ರೋಗ್ರಾಂ ಆಗಿ. ಎಕ್ಸೆಲ್ ರೂಪ ಮೈಕ್ರೋಸಾಫ್ಟ್ ಎಕ್ಸೆಲ್‌ನಲ್ಲಿ ಮಾತ್ರ ಸರಿಯಾಗಿ ನಡೆಯುತ್ತದೆ. ಲಿಬ್ರೆ ಆಫೀಸಿನಲ್ಲಿ ಅಥವಾ ಮೊಬೈಲಿನಲ್ಲಿ ತೆರೆದರೆ ಗುಂಡಿಗಳು ಒತ್ತಿದರೂ ಏನೂ ಆಗುವುದಿಲ್ಲ.

ಎಕ್ಸೆಲ್ ಇದ್ದೂ ಗುಂಡಿಗಳು ಸ್ಪಂದಿಸದಿದ್ದರೆ ಕಾರಣ ಮ್ಯಾಕ್ರೊ. ಹಾಳೆಯ ಒಳಗಿರುವ ಸಣ್ಣ ಪ್ರೋಗ್ರಾಂಗಳಿಗೆ ಮ್ಯಾಕ್ರೊ ಎನ್ನುತ್ತಾರೆ. ಅಂತರ್ಜಾಲದಿಂದ ಇಳಿಸಿದ ಫೈಲುಗಳಲ್ಲಿ ವಿಂಡೋಸ್ ಅವುಗಳನ್ನು ತಡೆಹಿಡಿಯುತ್ತದೆ. ಜಿಪ್ ಫೈಲನ್ನು ಮೊದಲು ಬಿಚ್ಚಿ. ಎಕ್ಸೆಲ್ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆದರೆ ಕೆಳಗೆ ‘ಅನ್‌ಬ್ಲಾಕ್’ ಎಂಬ ಚೌಕ ಕಾಣುತ್ತದೆ. ಅದಕ್ಕೆ ಗುರುತು ಹಾಕಿ, ನಂತರ ಫೈಲ್ ತೆರೆದು ಮ್ಯಾಕ್ರೊಗೆ ಅನುಮತಿ ಕೊಡಿ. ಇಲಾಖೆಯ ಪೋರ್ಟಲ್‌ನಿಂದ ನೀವೇ ಇಳಿಸಿಕೊಂಡ ಫೈಲಿಗೆ ಮಾತ್ರ ಹೀಗೆ ಮಾಡಬೇಕು. ವಾಟ್ಸ್ಆ್ಯಪ್‌ನಲ್ಲಿ ಗೆಳೆಯರು ಕಳಿಸಿದ ಯುಟಿಲಿಟಿಗೆ ಎಂದೂ ಅನುಮತಿ ಕೊಡಬೇಡಿ. ಅದು ಹಳೆಯ ಆವೃತ್ತಿಯಾಗಿರಬಹುದು, ಇನ್ನೂ ಕೆಟ್ಟದ್ದೂ ಆಗಿರಬಹುದು.

ಆವೃತ್ತಿಯ ವಿಷಯ ಮುಖ್ಯ. ಒಂದೇ ಋತುವಿನಲ್ಲಿ ಇಲಾಖೆ ಯುಟಿಲಿಟಿಯನ್ನು ಹಲವು ಬಾರಿ ಪರಿಷ್ಕರಿಸುತ್ತದೆ. ಜೂನ್‌ನಲ್ಲಿ ಇಳಿಸಿಕೊಂಡು ಜುಲೈ ಕೊನೆಗೆ ಕಳಿಸಲು ಹೋದರೆ ಫೈಲ್ ತಿರಸ್ಕೃತವಾಗಬಹುದು. ಕಳಿಸುವ ದಿನ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡಿ.

ತುಂಬುವಾಗ ‘ಕಟ್’ ಮಾಡಿ ಅಂಟಿಸಬೇಡಿ, ಕೋಶಗಳ ಹಿಂದಿನ ಸೂತ್ರಗಳು ಕೆಡುತ್ತವೆ. ದಿನಾಂಕ ತುಂಬಿದರೂ ತಪ್ಪು ಎನ್ನುತ್ತಿದ್ದರೆ ಕಂಪ್ಯೂಟರಿನ ದಿನಾಂಕ ಕ್ರಮ ಮೊದಲು ದಿನ, ನಂತರ ತಿಂಗಳು ಎಂದಿದೆಯೇ ನೋಡಿ. ಅಮೆರಿಕದ ಕ್ರಮವಿದ್ದರೆ 05/08 ಎನ್ನುವುದು ಮೇ ತಿಂಗಳಾಗಿಬಿಡುತ್ತದೆ.

3. ವರ್ಷ ಮತ್ತು ಫಾರ್ಮ್

2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಗಳಿಕೆಗೆ ಅಸೆಸ್‌ಮೆಂಟ್ ವರ್ಷ 2026-27. ಅಸೆಸ್‌ಮೆಂಟ್ ವರ್ಷ ಎಂದರೆ ತೆರಿಗೆಯನ್ನು ನಿರ್ಧರಿಸುವ ವರ್ಷ, ಗಳಿಸಿದ ವರ್ಷವಲ್ಲ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅದರಲ್ಲಿ ‘ತೆರಿಗೆ ವರ್ಷ’ ಎಂಬ ಹೊಸ ಹೆಸರಿದೆ. ತೆರಿಗೆ ವರ್ಷ 2026-27 ಎಂದರೆ 2026ರ ಏಪ್ರಿಲ್‌ನಿಂದ ಆರಂಭವಾದ ಗಳಿಕೆ. ಅಂಕಿಗಳು ಒಂದೇ, ಅರ್ಥ ಬೇರೆ. ಈಗ ನೀವು ಸಲ್ಲಿಸುವುದು 1961ರ ಹಳೆಯ ಕಾಯ್ದೆಯಡಿಯ ರಿಟರ್ನ್.

ಫಾರ್ಮಿನ ಆಯ್ಕೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಐಟಿಆರ್-1, ಅಂದರೆ ‘ಸಹಜ್’, 50 ಲಕ್ಷದೊಳಗಿನ ಸಂಬಳ, ಪಿಂಚಣಿ, ಬಡ್ಡಿ ಇರುವವರಿಗೆ. ಷೇರು ಅಥವಾ ಮ್ಯೂಚುವಲ್ ಫಂಡ್ ಮಾರಿ ಅಲ್ಪಾವಧಿ ಲಾಭ ಬಂದಿದ್ದರೆ ಐಟಿಆರ್-2. ಅಂಗಡಿ, ವ್ಯಾಪಾರದ ಲೆಕ್ಕಪತ್ರ ಇಟ್ಟವರಿಗೆ ಐಟಿಆರ್-3. ಲೆಕ್ಕಪತ್ರವಿಲ್ಲದೆ ವಹಿವಾಟಿನ ಶೇಕಡಾ 8 ಅಥವಾ 6ರಷ್ಟನ್ನು ಲಾಭವೆಂದು ತೋರಿಸುವ ಸಣ್ಣ ವ್ಯಾಪಾರಿಗಳಿಗೆ ಐಟಿಆರ್-4, ಅಂದರೆ ‘ಸುಗಮ್’.

4. ಹೊಲದ ಆದಾಯ: ನಮ್ಮ ಕಡೆಯ ದೊಡ್ಡ ತೊಡಕು

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ತೋರಿಸಬೇಕಾಗಿಲ್ಲ ಎಂದು ಅದರ ಅರ್ಥವಲ್ಲ. ನಿವ್ವಳ ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ಅದನ್ನು ಒಪ್ಪುವುದಿಲ್ಲ, ಐಟಿಆರ್-4 ಕೂಡ ಒಪ್ಪುವುದಿಲ್ಲ. ಸಂಬಳದಾರರು ಐಟಿಆರ್-2ಕ್ಕೆ, ವ್ಯಾಪಾರಿಗಳು ಐಟಿಆರ್-3ಕ್ಕೆ ಹೋಗಬೇಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದವರಾಗಲಿ, ಗದಗದಲ್ಲಿ ಶೇಂಗಾ ಮಾರಿದವರಾಗಲಿ, ಹೊಲವನ್ನು ಲಾವಣಿಗೆ ಕೊಟ್ಟು ಹಣ ಪಡೆದವರಾಗಲಿ, ಎಲ್ಲರಿಗೂ ಇದೇ ನಿಯಮ. ಬೇಸಾಯಕ್ಕೆ ಕೊಟ್ಟ ಹೊಲದ ಲಾವಣಿ ಹಣವೂ ಕೃಷಿ ಆದಾಯವೇ.

ಇಲ್ಲಿ ಆಗುವ ಮೊದಲ ತಪ್ಪು, ದಲಾಲಿ ಅಂಗಡಿಯ ಪಟ್ಟಿಯಲ್ಲಿರುವ ಮೊತ್ತವನ್ನೇ ಆದಾಯವೆಂದು ಬರೆಯುವುದು. ಬೀಜ, ಗೊಬ್ಬರ, ಔಷಧ, ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಲಾಗವಡಿ ಕಳೆದು ಉಳಿಯುವುದು ನಿವ್ವಳ ಆದಾಯ. ಫಾರ್ಮಿನಲ್ಲಿ ಒಟ್ಟು ಬಂದದ್ದಕ್ಕೆ ಒಂದು ಕೋಶ, ಖರ್ಚಿಗೆ ಇನ್ನೊಂದು ಕೋಶ ಇವೆ. ಎರಡನ್ನೂ ತುಂಬಿ, ಪಟ್ಟಿಗಳನ್ನೂ ಗೊಬ್ಬರದಂಗಡಿಯ ರಸೀದಿಗಳನ್ನೂ ಎತ್ತಿಡಿ.

ಎರಡನೆಯದು ಎಕರೆ-ಗುಂಟೆಯ ತಪ್ಪು. ನಿವ್ವಳ ಆದಾಯ 5 ಲಕ್ಷ ದಾಟಿದರೆ ಜಮೀನು ಯಾವ ಜಿಲ್ಲೆಯಲ್ಲಿದೆ, ಪಿನ್ ಕೋಡ್ ಏನು, ಎಷ್ಟು ಎಕರೆ, ಸ್ವಂತದ್ದೋ ಲಾವಣಿಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಂದು ಯುಟಿಲಿಟಿ ಕೇಳುತ್ತದೆ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, 3-20 ಎಂದಿದ್ದರೆ ಅದು ಮೂರು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ. ಹಾಗಾಗಿ ತುಂಬಬೇಕಾದದ್ದು 3.50, 3.20 ಅಲ್ಲ. 2-10 ಇದ್ದರೆ 2.25. ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸಿ.

ಮೂರನೆಯದೇ ಹೆಚ್ಚು ಗಾಬರಿ ಹುಟ್ಟಿಸುವುದು. ಕೃಷಿ ಆದಾಯ ತುಂಬಿದ ಕೂಡಲೇ ತೆರಿಗೆ ಏರುತ್ತದೆ, ‘ತಂತ್ರಾಂಶ ಕೆಟ್ಟಿದೆ’ ಎಂದು ಜನ ಬರೆಯುತ್ತಾರೆ. ಅದು ಕೆಟ್ಟಿಲ್ಲ. ಕೃಷಿಯೇತರ ಆದಾಯ ಮೂಲ ವಿನಾಯಿತಿ ಮಿತಿಯನ್ನು (ತೆರಿಗೆಯೇ ಇಲ್ಲದ ಮೊದಲ ಮೊತ್ತವನ್ನು) ದಾಟಿದ್ದು, ಅಂದರೆ ಹೊಸ ಪದ್ಧತಿಯಲ್ಲಿ (ಹೆಚ್ಚಿನ ಕಡಿತಗಳಿಲ್ಲದ ಲೆಕ್ಕದ ಕ್ರಮ, 7ನೇ ಭಾಗ ನೋಡಿ) 4 ಲಕ್ಷಕ್ಕಿಂತ ಹೆಚ್ಚಿದ್ದು, ಕೃಷಿ ಆದಾಯ 5,000 ದಾಟಿದ್ದರೆ ತೆರಿಗೆಯ ದರ ನಿರ್ಧರಿಸಲು ಮಾತ್ರ ಎರಡನ್ನೂ ಕೂಡಿಸುತ್ತಾರೆ. ಒಂದು ಲೆಕ್ಕ ನೋಡಿ. ಸಂಬಳ ಎಲ್ಲ ಕಡಿತ ಕಳೆದು 15 ಲಕ್ಷ, ಹೊಲದಿಂದ ನಿವ್ವಳ 3 ಲಕ್ಷ. ಕೂಡಿದರೆ 18 ಲಕ್ಷ, ಅದರ ಮೇಲೆ ಹೊಸ ಪದ್ಧತಿಯ ತೆರಿಗೆ 1,60,000. ಈಗ ಕೃಷಿಯ 3 ಲಕ್ಷಕ್ಕೆ ವಿನಾಯಿತಿ ಮಿತಿಯ 4 ಲಕ್ಷ ಕೂಡಿಸಿ, ಆ 7 ಲಕ್ಷದ ಮೇಲಿನ ತೆರಿಗೆ 15,000. ಇದನ್ನು ಕಳೆದರೆ 1,45,000. ಹೊಲ ಇಲ್ಲದಿದ್ದರೆ 15 ಲಕ್ಷಕ್ಕೆ 1,05,000 ಮಾತ್ರ ಆಗುತ್ತಿತ್ತು. ವ್ಯತ್ಯಾಸ 40,000, ಶೇಕಡಾ 4ರ ಸೆಸ್ ಸೇರಿದರೆ 41,600.

ಇಷ್ಟು ಏರಿದ್ದನ್ನು ಕಂಡು ಕೃಷಿಯ ಸಾಲನ್ನು ಅಳಿಸುವ ಆಸೆ ಆಗುತ್ತದೆ, ಅಳಿಸಬೇಡಿ. ಬೆಳೆಯ ಹಣ ಬ್ಯಾಂಕ್ ಖಾತೆಗೆ ಬಂದಿರುತ್ತದೆ. ನಾಳೆ ಅದು ಎಲ್ಲಿಯದೆಂದು ಕೇಳಿದರೆ ರಿಟರ್ನ್‌ನಲ್ಲಿ ಬರೆದಿರುವುದೇ ನಿಮ್ಮ ಮೊದಲ ಸಾಕ್ಷಿ. ಸಾಧಾರಣ ಸಂಬಳದವರಿಗಂತೂ ಭಯಕ್ಕೆ ಕಾರಣವೇ ಇಲ್ಲ. ಸಂಬಳ ಕಡಿತದ ನಂತರ 9 ಲಕ್ಷ, ಕೃಷಿ 3 ಲಕ್ಷ ಎಂದಿಟ್ಟುಕೊಂಡರೆ ಇದೇ ಲೆಕ್ಕದಲ್ಲಿ 45,000 ತೆರಿಗೆ ಬರುತ್ತದೆ. ಆದರೆ ಕೃಷಿ ಬಿಟ್ಟ ಒಟ್ಟು ಆದಾಯ 12 ಲಕ್ಷದೊಳಗಿರುವುದರಿಂದ 87ಎ ವಿಧಿಯ ರಿಯಾಯಿತಿ, ಗರಿಷ್ಠ 60,000ದವರೆಗೆ, ಅದನ್ನು ಪೂರ್ತಿ ಅಳಿಸಿಹಾಕುತ್ತದೆ. ಕಟ್ಟುವುದು ಸೊನ್ನೆ.

5. ಸಂಬಳದ ಹಾಳೆ

ನೌಕರಿಯ ವಿಧ ಕೇಳುವ ಪಟ್ಟಿಯಲ್ಲಿ ಎಚ್ಚರ. ನೈಋತ್ಯ ರೈಲ್ವೆಯವರು ಕೇಂದ್ರ ಸರ್ಕಾರ, ಸರ್ಕಾರಿ ಶಾಲೆಯ ಶಿಕ್ಷಕರು ರಾಜ್ಯ ಸರ್ಕಾರ. ವಾಯವ್ಯ ಸಾರಿಗೆ ಸಂಸ್ಥೆ, ಹೆಸ್ಕಾಂ ನೌಕರರು ಸಾರ್ವಜನಿಕ ಉದ್ದಿಮೆಯ ಸಾಲಿನಲ್ಲಿ ಬರುತ್ತಾರೆ. ನಿವೃತ್ತಿಯ ವರ್ಷದಲ್ಲಿ ಈ ಆಯ್ಕೆ ತಪ್ಪಿದರೆ ರಜೆ ನಗದೀಕರಣದ ಲೆಕ್ಕವೇ ತಪ್ಪುತ್ತದೆ. ಸರ್ಕಾರಿ ನೌಕರರಿಗೆ ಆ ಹಣಕ್ಕೆ ಪೂರ್ತಿ ವಿನಾಯಿತಿ, ಉಳಿದವರಿಗೆ ಗರಿಷ್ಠ 25 ಲಕ್ಷದ ಮಿತಿ.

2006ರ ಏಪ್ರಿಲ್ 1ರ ನಂತರ ನೇಮಕವಾದ ರಾಜ್ಯ ನೌಕರರಿಗೆ ಎನ್‌ಪಿಎಸ್, ಅಂದರೆ ನೌಕರರೂ ಸರ್ಕಾರವೂ ಪಾಲು ತುಂಬುವ ಪಿಂಚಣಿ ಯೋಜನೆ ಇದೆ. ಸರ್ಕಾರ ತುಂಬುವ ಪಾಲನ್ನು 80ಸಿಸಿಡಿ(2) ವಿಧಿಯಲ್ಲಿ ಕಳೆಯಬಹುದು, ಹೊಸ ಪದ್ಧತಿಯಲ್ಲೂ ಕಳೆಯಬಹುದು. ಆದರೆ ಆ ಪಾಲು ಮೊದಲು ಒಟ್ಟು ಸಂಬಳದಲ್ಲಿ ಸೇರಿರಬೇಕು. ಸೇರಿಸದೆ ಕಳೆದರೆ ನೀವು ಗಳಿಸಿಯೇ ಇಲ್ಲದ ಹಣವನ್ನು ಕಳೆದಂತಾಗುತ್ತದೆ. ಫಾರ್ಮ್ 16ರ ಎರಡನೇ ಭಾಗದಲ್ಲಿ ಇದನ್ನು ಹುಡುಕಿ ಖಚಿತಪಡಿಸಿಕೊಳ್ಳಿ.

ಹಿಂದಿನ ವರ್ಷಗಳ ಸಂಬಳದ ಹಿಂಬಾಕಿ ಬಂದ ವರ್ಷ, ಅದರಿಂದ ಏರಿದ ತೆರಿಗೆಗೆ 89ನೇ ವಿಧಿಯ ಪರಿಹಾರ ಕೇಳುವವರು ರಿಟರ್ನ್‌ಗಿಂತ ಮೊದಲೇ ಪೋರ್ಟಲ್‌ನಲ್ಲಿ ಫಾರ್ಮ್ 10ಇ ಸಲ್ಲಿಸಬೇಕು. ಇದನ್ನು ಮರೆತವರಿಗೆ ಪರಿಹಾರವನ್ನು ನಿರಾಕರಿಸಿ ಬಾಕಿಯ ಸೂಚನೆ ಬರುತ್ತದೆ.

ಹಳೆಯ ಪದ್ಧತಿಯಲ್ಲಿ ವೃತ್ತಿ ತೆರಿಗೆ ಕಳೆಯುವವರು ಹೋದ ವರ್ಷದ 2,400 ಅಂಕಿಯನ್ನೇ ನಕಲು ಮಾಡಬೇಡಿ. 2025-26ರಿಂದ ಕರ್ನಾಟಕದಲ್ಲಿ ಫೆಬ್ರುವರಿಗೆ 300, ಉಳಿದ ತಿಂಗಳಿಗೆ 200, ವರ್ಷಕ್ಕೆ 2,500.

6. ಟಿಡಿಎಸ್ ಹೊಂದದಿದ್ದರೆ

ಟಿಡಿಎಸ್ ಎಂದರೆ ಹಣ ಕೊಡುವವರೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ. ಫಾರ್ಮ್ 16ರಲ್ಲಿ ಒಂದು ಮೊತ್ತ, 26ಎಎಸ್‌ನಲ್ಲಿ ಇನ್ನೊಂದು ಇದ್ದರೆ ಇಲಾಖೆ ನಂಬುವುದು 26ಎಎಸ್ ಅನ್ನು. ಒಬ್ಬ ಶಿಕ್ಷಕಿಯ ಮೂರು ತಿಂಗಳ ಟಿಡಿಎಸ್ ಕಾಣದೇ ಹೋಗಿತ್ತು. ವಿಚಾರಿಸಿದಾಗ ತ್ರೈಮಾಸಿಕ ವಿವರಪಟ್ಟಿಯಲ್ಲಿ ಅವರ ಪ್ಯಾನ್‌ನ ಒಂದು ಅಕ್ಷರ ತಪ್ಪಿತ್ತು. ಇದನ್ನು ಯುಟಿಲಿಟಿಯಲ್ಲಿ ಸರಿಪಡಿಸಲಾಗದು. ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ ಲಿಖಿತವಾಗಿ ಕೊಟ್ಟು 24ಕ್ಯೂ ಎಂಬ ಆ ವಿವರಪಟ್ಟಿಯನ್ನು ತಿದ್ದಿಸಬೇಕು. ಜೂನ್‌ನಲ್ಲೇ ಕೇಳಿದರೆ ಕೆಲಸವಾಗುತ್ತದೆ, ಜುಲೈ 28ಕ್ಕೆ ಕೇಳಿದರೆ ಆಗುವುದಿಲ್ಲ.

ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ. ಠೇವಣಿಯ ಬಡ್ಡಿಯ ಮೇಲೆ ಬ್ಯಾಂಕು ಮುರಿದ ಟಿಡಿಎಸ್ ತಾನಾಗಿಯೇ ತುಂಬಿಕೊಂಡಿರುತ್ತದೆ, ಆ ಬಡ್ಡಿಯನ್ನು ಮಾತ್ರ ನೀವು ಆದಾಯದಲ್ಲಿ ಸೇರಿಸಿರುವುದಿಲ್ಲ. ಇಂತಹ ರಿಟರ್ನ್‌ಗೆ 139(9) ವಿಧಿಯಡಿ ದೋಷಪೂರಿತ ಎಂಬ ನೋಟಿಸು ಬರಬಹುದು. ಬಂದರೆ 15 ದಿನಗಳೊಳಗೆ ಸರಿಪಡಿಸಿ ಉತ್ತರಿಸಬೇಕು.

7. ಕಡಿತಗಳೆಲ್ಲ ಸೊನ್ನೆ ತೋರಿಸಿದರೆ

ಎಲ್‌ಐಸಿ, ಪಿಪಿಎಫ್, ಮನೆ ಬಾಡಿಗೆ ಎಲ್ಲ ತುಂಬಿದರೂ ಸೊನ್ನೆ ಬರುತ್ತಿದ್ದರೆ ನೀವು ಹೊಸ ಪದ್ಧತಿಯಲ್ಲಿದ್ದೀರಿ. ಏನನ್ನೂ ಆರಿಸದಿದ್ದರೆ ಸಿಗುವುದು ಅದೇ. ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ ನೋಡಿ, ನಂತರ ಆರಿಸಿ. ಸಂಬಳದಾರರು ಹಳೆಯ ಪದ್ಧತಿಯನ್ನು ರಿಟರ್ನ್‌ನಲ್ಲೇ ಆರಿಸಬಹುದು, ಆದರೆ ಗಡುವಿನೊಳಗೆ ಸಲ್ಲಿಸಿದರೆ ಮಾತ್ರ. ವ್ಯಾಪಾರದ ಆದಾಯ ಇರುವವರು ಅದಕ್ಕೆ ಮೊದಲು ಫಾರ್ಮ್ 10-ಐಇಎ ಸಲ್ಲಿಸಬೇಕು.

ಹಳೆಯ ಪದ್ಧತಿಯಲ್ಲಿ ಈಗ ಬರೀ ಮೊತ್ತ ಬರೆದರೆ ಸಾಲದು. ಪಾಲಿಸಿ ಸಂಖ್ಯೆ, ವಿಮಾ ಕಂಪನಿಯ ಹೆಸರು, ಗೃಹಸಾಲದ ಖಾತೆ ಸಂಖ್ಯೆ ಕೇಳುತ್ತದೆ. ‘ನಿಮಗೆ ದೊಡ್ಡ ರಿಫಂಡ್ ಕೊಡಿಸುತ್ತೇನೆ’ ಎಂದು ಇಲ್ಲದ ಕಡಿತ ತುಂಬುವ ಮಧ್ಯವರ್ತಿಗಳಿಂದ ದಯವಿಟ್ಟು ದೂರವಿರಿ. ಸುಳ್ಳು ವಿವರ ಎಂದು ಸಾಬೀತಾದರೆ ದಂಡ ತೆರಿಗೆಯ ಎರಡು ಪಟ್ಟು. ಅದನ್ನು ಕಟ್ಟಬೇಕಾದವರು ನೀವು, ಅವರಲ್ಲ.

ಆದಾಯ 12 ಲಕ್ಷದೊಳಗಿದ್ದೂ ತೆರಿಗೆ ಬಂದಿದೆಯೇ? ಷೇರಿನ ಅಲ್ಪಾವಧಿ ಲಾಭ ಇರಬೇಕು. ಅಂತಹ ವಿಶೇಷ ದರದ ಆದಾಯಕ್ಕೆ ಹೊಸ ಪದ್ಧತಿಯ 87ಎ ರಿಯಾಯಿತಿ ಸಿಗುವುದಿಲ್ಲ.

8. ಬಾಕಿ ತೆರಿಗೆ ಕಟ್ಟುವುದು

ಪೋರ್ಟಲ್‌ನ ‘ಇ-ಪೇ ಟ್ಯಾಕ್ಸ್’ನಲ್ಲಿ ಸ್ವಯಂ ನಿರ್ಧರಿತ ತೆರಿಗೆ, ಅಂದರೆ 300ನೇ ಶೀರ್ಷಿಕೆ ಆರಿಸಿ. ಚಲನ್‌ನಲ್ಲಿರುವ ಏಳು ಅಂಕಿಯ ಬಿಎಸ್ಆರ್ ಸಂಕೇತ (ಹಣ ಕಟ್ಟಿದ ಬ್ಯಾಂಕ್ ಶಾಖೆಯ ಸಂಖ್ಯೆ), ದಿನಾಂಕ, ಚಲನ್ ಸಂಖ್ಯೆಯನ್ನು ಯುಟಿಲಿಟಿಯಲ್ಲಿ ತುಂಬಿ. ಸಂಖ್ಯೆಯ ಮುಂದಿನ ಸೊನ್ನೆಗಳನ್ನು ಬಿಡಬೇಡಿ. ಅಸೆಸ್‌ಮೆಂಟ್ ವರ್ಷ ತಪ್ಪಿ ಕಟ್ಟಿದ್ದರೆ ಏಳು ದಿನಗಳೊಳಗೆ ಪೋರ್ಟಲ್‌ನಲ್ಲೇ ತಿದ್ದುಪಡಿ ಕೋರಬಹುದು, ತಡವಾದರೆ ತೆರಿಗೆ ಅಧಿಕಾರಿಗೆ ಅರ್ಜಿ ಕೊಡಬೇಕು.

ತಿಂಗಳ ಕೊನೆಯ ದಿನ ಲೆಕ್ಕ ಹಾಕಿ ಮರುದಿನ ಕಟ್ಟಿದರೆ ಮೊತ್ತ ಸಾಲದೇ ಬರಬಹುದು. ಬಾಕಿ ತೆರಿಗೆಯ ಮೇಲಿನ ಬಡ್ಡಿಯ ಲೆಕ್ಕದಲ್ಲಿ ತಿಂಗಳ ಒಂದು ದಿನವೂ ಪೂರ್ತಿ ತಿಂಗಳೇ.

9. ರಿಫಂಡ್ ಬರುವ ಖಾತೆ

ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಜೊತೆ ವಿಲೀನವಾಗಿದೆ. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿತು. ನಮ್ಮ ಹಳ್ಳಿಗಳ ಬಹುಪಾಲು ಖಾತೆಗಳು ಇಂಥವೇ. ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಸಂಕೇತವನ್ನು ನಂಬಬೇಡಿ, ಶಾಖೆಯಲ್ಲಿ ಈಗ ಚಾಲ್ತಿಯಲ್ಲಿರುವುದನ್ನು ಬರೆಸಿಕೊಂಡು ಬನ್ನಿ. ನಂತರ ಪೋರ್ಟಲ್‌ನ ನಿಮ್ಮ ಪ್ರೊಫೈಲ್‌ನಲ್ಲಿ ಖಾತೆಯನ್ನು ಸೇರಿಸಿ ‘ವ್ಯಾಲಿಡೇಟ್’ ಮಾಡಿಸಿ. ಪರಿಶೀಲನೆಯಾಗದ ಖಾತೆಗೆ ರಿಫಂಡ್ ಬರುವುದಿಲ್ಲ.

ಸಂಕೇತ ಸರಿಯಿದ್ದೂ ಪರಿಶೀಲನೆ ವಿಫಲವಾದರೆ ಹೆಸರು ನೋಡಿ. ಪ್ಯಾನ್‌ನಲ್ಲಿ ತಂದೆಯ ಹೆಸರೂ ಅಡ್ಡಹೆಸರೂ ಪೂರ್ತಿಯಾಗಿದ್ದು, ಬ್ಯಾಂಕಿನಲ್ಲಿ ಬರೀ ಇನಿಷಿಯಲ್ ಇರುವುದು ನಮ್ಮ ಕಡೆ ಮಾಮೂಲು. ಬ್ಯಾಂಕಿಗೆ ಪ್ಯಾನ್ ಪ್ರತಿ ಕೊಟ್ಟು ಹೆಸರನ್ನು ಹೊಂದಿಸಿಕೊಳ್ಳಿ.

10. ಕಳಿಸುವುದು ಮತ್ತು ದೃಢೀಕರಿಸುವುದು

ಪ್ರತಿ ಹಾಳೆಯನ್ನೂ ‘ವ್ಯಾಲಿಡೇಟ್’ ಮಾಡಿದ ಮೇಲೆ ಯುಟಿಲಿಟಿ ಒಂದು ಜೇಸನ್ ಫೈಲ್ ತಯಾರಿಸುತ್ತದೆ. ಅದು ನಿಮ್ಮ ರಿಟರ್ನ್‌ನ ಕಂಪ್ಯೂಟರ್ ರೂಪ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ತಿದ್ದಬೇಡಿ. ತಪ್ಪು ಕಂಡರೆ ಯುಟಿಲಿಟಿಯಲ್ಲೇ ತಿದ್ದಿ ಹೊಸ ಫೈಲ್ ಮಾಡಿ. ಪೋರ್ಟಲ್‌ನಲ್ಲಿ ‘ಆಫ್‌ಲೈನ್’ ವಿಧಾನ ಆರಿಸಿ ಅದನ್ನು ಏರಿಸಬೇಕು. ಅಲ್ಲಿ ‘ಎ’ ವರ್ಗದ ದೋಷ ಎಂದು ಬಂದರೆ ಸರಿಪಡಿಸದೆ ಮುಂದೆ ಹೋಗಲಾಗದು. ‘ಬಿ’ ಮತ್ತು ‘ಡಿ’ ವರ್ಗದವು ತಡೆಯುವುದಿಲ್ಲ, ಆದರೆ ನಂತರ ನೋಟಿಸು ತರಬಹುದು ಅಥವಾ ಕಡಿತವನ್ನು ತಿರಸ್ಕರಿಸಬಹುದು. ಅವನ್ನೂ ಓದಿ.

ಕಳಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 30 ದಿನಗಳೊಳಗೆ ದೃಢೀಕರಿಸಬೇಕು. ಆಧಾರ್ ಒಟಿಪಿ ಬರುತ್ತಿಲ್ಲವೆಂದರೆ ಆಧಾರ್‌ಗೆ ಹಳೆಯ ಮೊಬೈಲ್ ಸಂಖ್ಯೆ ಜೋಡಣೆಯಾಗಿರುತ್ತದೆ. ಆಧಾರ್ ಕೇಂದ್ರದಲ್ಲಿ ಬದಲಾಯಿಸಿಕೊಳ್ಳಿ. ಅಷ್ಟು ಸಮಯವಿಲ್ಲದಿದ್ದರೆ ನೆಟ್ ಬ್ಯಾಂಕಿಂಗ್ ಮೂಲಕ ದೃಢೀಕರಿಸಿ, ಅದೂ ಇಲ್ಲದಿದ್ದರೆ ಐಟಿಆರ್-ವಿ ಎಂಬ ಒಂದು ಪುಟದ ಸ್ವೀಕೃತಿಗೆ ಸಹಿ ಹಾಕಿ ಸ್ಪೀಡ್ ಪೋಸ್ಟ್‌ನಲ್ಲಿ ಬೆಂಗಳೂರು 560500ರ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಕಳಿಸಿ.

ಕೆಲವು ವಾರಗಳಲ್ಲಿ ಮಿಂಚಂಚೆಗೆ 143(1) ಸೂಚನೆ ಬರುತ್ತದೆ. ಅದರಲ್ಲಿ ಎರಡು ಕಾಲಂಗಳಿರುತ್ತವೆ, ಒಂದು ನೀವು ಕೊಟ್ಟ ಲೆಕ್ಕ, ಇನ್ನೊಂದು ಇಲಾಖೆಯ ಲೆಕ್ಕ. ಸಾಲು ಸಾಲಾಗಿ ಹೋಲಿಸಿ ನೋಡಿ. ಎಲ್ಲಿ ವ್ಯತ್ಯಾಸ ಶುರುವಾಗುತ್ತದೋ ತಪ್ಪು ಆ ಸಾಲಿನಲ್ಲಿರುತ್ತದೆ. ಇಲಾಖೆಯದು ತಪ್ಪೆಂದು ದಾಖಲೆಯಲ್ಲೇ ಕಾಣುತ್ತಿದ್ದರೆ ಪೋರ್ಟಲ್‌ನಲ್ಲಿ 154ನೇ ವಿಧಿಯಡಿ ತಿದ್ದುಪಡಿ ಕೋರಿ. ಆ ಪಿಡಿಎಫ್‌ನ ಪಾಸ್‌ವರ್ಡ್ ಕೂಡ ಎಐಎಸ್‌ನದ್ದೇ: ಸಣ್ಣ ಅಕ್ಷರದ ಪ್ಯಾನ್, ಅದಕ್ಕೆ ಅಂಟಿದಂತೆ ಹುಟ್ಟಿದ ದಿನಾಂಕ.